ಹುಲ್ಲಿನ ಕಲೆ

ಪುಯೆರ್ತೊ ಸಾಂತಾ ರೀಟಾ, ಮೆಕ್ಸಿಕೊ
14 ಏಪ್ರಿಲ್ 1977

ಅಕ್ಕ ಎರ್ಸಿಲಿಯಾಗೆ,

ಬಂದು ಇಷ್ಟು ದಿನವಾದರೂ ಒಂದು ಸಾಲು ಬರೆಯಲಿಲ್ಲ ಎಂದು ನೀನು ಇಡೀ ಸಾನ್ ಪೆದ್ರೊಗೆ ಕೇಳುವ ಹಾಗೆ ಬೈಯುತ್ತಿರುತ್ತೀಯ, ಗೊತ್ತು. ಬೈದದ್ದು ಸಾಕು, ಇಗೋ ಬರೆದಿದ್ದೇನೆ. ನಾನು ಚೆನ್ನಾಗಿದ್ದೇನೆ. ಎಡ ಮೊಣಕಾಲೂ ಚೆನ್ನಾಗಿದೆ. ಮೂವತ್ತೇಳು ವರ್ಷದ ಮೊಣಕಾಲು ಎಷ್ಟು ಚೆನ್ನಾಗಿರಬಹುದೋ ಅಷ್ಟು.

ಇಲ್ಲಿ ಎಲ್ಲ ಎಂದಿನಂತೆಯೇ. ಮೂರು ಹೊತ್ತೂ ಮೆಕ್ಕೆಜೋಳದ ರೊಟ್ಟಿ. ಬಾಳೆಕಾಯಿ ಹುರಿದು ಕೊಡಿ ಎಂದರೆ ಹಣ್ಣು ತಂದಿಟ್ಟು ನನ್ನ ಮುಖ ನೋಡುತ್ತಾರೆ. ನಮ್ಮ ಬೇಸ್‌ಬಾಲ್ ತಂಡದಲ್ಲಿ ಚೆಂಡು ಎಸೆಯುವ ಪಿಚರ್ ಪೊಲಾಂಕೊ ಇದ್ದಾನಲ್ಲ, ನಿನ್ನ ಬೀದಿಯವನೇ, ಅವನ ಹೆಂಡತಿ ನೂರಿಸ್ ಮೇ ತಿಂಗಳಲ್ಲಿ ಇಲ್ಲಿಗೆ ಬರುತ್ತಾಳಂತೆ. ಅವಳು ಬಂದ ಮೇಲೆ ಭಾನುವಾರವಾದರೂ ಮನುಷ್ಯರು ತಿನ್ನುವ ಊಟ ಸಿಕ್ಕೀತು.

ತಂಡ ಪರವಾಗಿಲ್ಲ. ಮ್ಯಾನೇಜರು ಅದೇ ಡಾನ್ ಎಫ್ರೇನ್. ಮಾಲೀಕರು ಈ ವರ್ಷ ವೆನೆಜುವೆಲಾದಿಂದ ಒಬ್ಬನನ್ನು ಹೊಸದಾಗಿ ತಂದಿದ್ದಾರೆ. ನೆಪ್ತಾಲಿ ಉರ್ದಾನೆತಾ ಎಂದು ಹೆಸರು, ಇಪ್ಪತ್ತಮೂರು ವಯಸ್ಸು. ಹಲ್ಲು ತುಂಬ ಬಿಳಿ. ಅದಕ್ಕಿಂತ ಹೆಚ್ಚು ಹೇಳುವಂಥದ್ದು ಅವನಲ್ಲಿ ನನಗೇನೂ ಕಂಡಿಲ್ಲ.

ಇನ್ನೊಂದು ವಿಷಯ. ಬಿಳಿ ಪ್ಯಾಂಟಿನ ಮೊಣಕಾಲಿಗೆ ಹುಲ್ಲಿನ ಹಸಿರು ಕಲೆ ಹತ್ತಿದರೆ ಏನು ಹಾಕಿ ಉಜ್ಜಬೇಕು? ಇಲ್ಲಿನ ಬಟ್ಟೆ ಒಗೆಯುವವಳು ಸೋಪು ಸವೆಸುತ್ತಾಳೆಯೇ ಹೊರತು ಕಲೆ ಅಲ್ಲೇ ಇರುತ್ತದೆ. ನನಗೆ ಅಂತಲ್ಲ. ಯಾರೋ ಕೇಳುತ್ತಿದ್ದರು.

ನಿನ್ನ ತಮ್ಮ,
ರಾದಾಮೆಸ್


ಸಾನ್ ಪೆದ್ರೊ ದೆ ಮಾಕೊರಿಸ್
2 ಮೇ 1977

ರಾದಾ,

ಈ ಕಾಗದವನ್ನೂ ಕಾಫಿಪುಡಿಯನ್ನೂ ನೂರಿಸ್ ಕೈಯಲ್ಲಿ ಕೊಟ್ಟಿದ್ದೇನೆ. ಕಾಫಿಪುಡಿಯನ್ನು ಆ ಪೊಲಾಂಕೊ ಕಣ್ಣಿಗೆ ಬೀಳದ ಹಾಗೆ ಇಟ್ಟುಕೋ.

ಮೊದಲು ಕಲೆಯ ವಿಷಯ. ವಿನೆಗರ್‌ನಲ್ಲಿ ನೆನೆಸಿ, ಆಮೇಲೆ ತಣ್ಣೀರಲ್ಲಿ ಉಜ್ಜಬೇಕು. ಬಿಸಿನೀರು ಹಾಕಿದರೆ ಕಲೆ ಪ್ಯಾಂಟಿನ ಜೊತೆಗೇ ಸಾಯುತ್ತದೆ. 'ಯಾರೋ ಕೇಳುತ್ತಿದ್ದರಲ್ಲ', ಅವರಿಗೆ ಹೇಳು.

ಈಗ ನೀನು ನನಗೆ ಹೇಳು. ನೀನು ಚಡ್ಡಿ ಹಾಕಿಕೊಂಡು ಗಿರಣಿ ಮೈದಾನದಲ್ಲಿ ಆಡುತ್ತಿದ್ದ ಕಾಲದಿಂದ ನಿನ್ನ ಬಟ್ಟೆ ಒಗೆದವಳು ನಾನು. ಕೆಂಪು ಮಣ್ಣು ಒಗೆದಿದ್ದೇನೆ, ರಕ್ತ ಒಗೆದಿದ್ದೇನೆ, ಒಂದು ಸಲ ಯಾವಳದೋ ಲಿಪ್‌ಸ್ಟಿಕ್ ಕೂಡ ಒಗೆದಿದ್ದೇನೆ. ಹುಲ್ಲಿನ ಕಲೆ ಒಂದು ದಿನವೂ ಕಂಡವಳಲ್ಲ. ನೀನು ಆಡುವುದು ಶಾರ್ಟ್‌ಸ್ಟಾಪ್ ಜಾಗದಲ್ಲಿ. ಶಾರ್ಟ್‌ಸ್ಟಾಪ್ ನಿಲ್ಲುವುದು ಮಣ್ಣಿನ ಮೇಲೆ, ಎರಡನೇ ಬೇಸ್‌ಗೂ ಮೂರನೇ ಬೇಸ್‌ಗೂ ನಡುವೆ. ಬಿದ್ದರೆ ಮಣ್ಣಿಗೇ ಬೀಳುತ್ತಾನೆ. ಹುಲ್ಲು ಅವನ ಬೆನ್ನ ಹಿಂದೆ. ಹುಲ್ಲಿಗೆ ಬೀಳುವವರು ದೂರದಲ್ಲಿ, ಗೋಡೆಯ ಹತ್ತಿರ ನಿಲ್ಲುವ ಮೂವರು. ಆ ಮೂವರಲ್ಲಿ ನೀನು ಯಾರು? ಎಡವೋ, ನಡುವೋ, ಬಲವೋ?

ನಾನೇನು ಅಡುಗೆಯವಳೆಂದು ಆಟ ಗೊತ್ತಿಲ್ಲ ಅಂದುಕೊಂಡೆಯಾ? ಗಿರಣಿ ಹೆಂಗಸರ ತಂಡದಲ್ಲಿ ಬ್ಯಾಟುಗಾರರ ಹಿಂದೆ ಕೂರುವ ಕ್ಯಾಚರ್ ಆಗಿದ್ದವಳು. ಮೈದಾನದಲ್ಲಿ ಎಲ್ಲರೂ ಒಂದೇ ಕಡೆ ನೋಡುತ್ತಾರೆ, ಅವರೆಲ್ಲರ ಮುಖ ನೋಡುವವಳು ಕ್ಯಾಚರ್ ಒಬ್ಬಳೇ. ನಿನ್ನ ಮುಖ ನನಗೆ ಇಲ್ಲಿಂದಲೇ ಕಾಣುತ್ತಿದೆ. ಗಡಿಗೆಯ ಹಾಗೆ ಊದಿದೆ.

ಊಟದ ಅಂಗಡಿ ಚೆನ್ನಾಗಿ ನಡೆಯುತ್ತಿದೆ. ನಿನ್ನೆ ಮೂಲೆಯ ಮೇಜಿನಲ್ಲಿ ಗಿರಣಿಯ ಬೆಸುಗೆಯವರು ಕೂತು, ಈ ಸಲ ಚಳಿಗಾಲದ ಲೀಗಿಗೆ ನೀನು ಬರುತ್ತೀಯೋ ಇಲ್ಲವೋ ಎಂದು ಪಂಥ ಕಟ್ಟುತ್ತಿದ್ದರು. ಕಿಟಕಿ ಪಕ್ಕ ಕೂತ ಮೇಷ್ಟ್ರು, 'ಅವನಿನ್ನೇನು ಬರ್ತಾನೆ ಬಿಡ್ರೋ' ಅಂದರು. ಅವರ ತಟ್ಟೆಗೆ ಮೀನಿನ ಬಾಲ ಹಾಕಿದೆ.

ಸತ್ಯ ಬರೆ.

ಎರ್ಸಿಲಿಯಾ


ಪುಯೆರ್ತೊ ಸಾಂತಾ ರೀಟಾ
17 ಮೇ 1977

ಅಕ್ಕ,

ಎಡ. ಸಮಾಧಾನವಾಯಿತೇ? ಲೆಫ್ಟ್ ಫೀಲ್ಡ್.

ನಿನ್ನ ಕಾಗದ ಓದಿ ಸಿಟ್ಟಿನಲ್ಲಿ ಊಟ ಬಿಟ್ಟೆ ಎಂದು ಬರೆಯಬೇಕೆಂದಿದ್ದೆ. ಆದರೆ ನೂರಿಸ್ ಬಾಳೆಕಾಯಿ ಹುರಿದಿದ್ದಳು. ಅವರ ಕೋಣೆಯಲ್ಲಿ ಕುರ್ಚಿ ಇರುವುದು ಒಂದೇ, ಅದರಲ್ಲಿ ಪೊಲಾಂಕೊ ಕೂತಿದ್ದ. ನಾನು ಮಂಚದ ಮೇಲೆ ಕೂತು ಎರಡು ತಟ್ಟೆ ತಿಂದೆ. ಸಿಟ್ಟು ಮಾತ್ರ ಇಳಿಯಲಿಲ್ಲ.

ನಡೆದದ್ದು ಹೀಗೆ. ಪಂದ್ಯಗಳು ಶುರುವಾಗುವ ಮುಂಚೆ ಡಾನ್ ಎಫ್ರೇನ್ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಕಿತ್ತಳೆ ಸುಲಿದು ಕೊಟ್ಟರು. ಆಗಲೇ ನನಗೆ ಗೊತ್ತಾಯಿತು. ಆ ಮನುಷ್ಯ ಯಾರಿಗೂ ಸುಮ್ಮನೆ ಹಣ್ಣು ಸುಲಿದು ಕೊಡುವವರಲ್ಲ.

'ರಾದಾ, ನಿನ್ನ ಕೈ ಇನ್ನೂ ಬಂಗಾರ ಕಣಪ್ಪ,' ಅಂದರು.

'ಕೈ ಬಂಗಾರ ಆದ್ರೆ ತೊಂದ್ರೆ ಏನು?'

'ತೊಂದ್ರೆ ಕಾಲು. ಮೊದ್ಲು ಬಲಗಡೆ ಹಾರಿ ಹಿಡೀತಿದ್ದ ಚೆಂಡನ್ನ ಈಗ ನಿಂತು ಬೀಳ್ಕೊಡ್ತೀಯ. ನಿನ್ನ ಬ್ಯಾಟು ನಂಗೆ ಬೇಕು, ಅದಕ್ಕೇ ಹಿಂದೆ ಹೋಗಿ ನಿಂತ್ಕೋ ಅಂತಿರೋದು.'

'ಹೋಗಲ್ಲ ಅಂದ್ರೆ?'

'ಬಸ್ ಸ್ಟ್ಯಾಂಡು ಆ ಕಡೆ ಇದೆ, ಮಗಾ. ನಾನೇ ಬಂದು ಹತ್ತಿಸ್ತೀನಿ, ಬೇಕಾದ್ರೆ ಕಣ್ಣೀರೂ ಹಾಕ್ತೀನಿ. ಆದ್ರೆ ಶಾರ್ಟ್‌ಸ್ಟಾಪ್ ಆ ಹುಡುಗನೇ.'

ಹದಿನೇಳು ವರ್ಷ, ಅಕ್ಕ. ಹದಿನೇಳು ವರ್ಷ ಆ ಮಣ್ಣಿನ ಮೇಲೆ ನಿಂತವನಿಗೆ ಒಂದು ಕಿತ್ತಳೆ.

ಹಿಂದೆ ನಿಲ್ಲುವುದೆಂದರೆ ಏನೆಂದು ನಿನಗೆ ಗೊತ್ತಿಲ್ಲ. ಮಣ್ಣಿನ ಮೇಲಿದ್ದಾಗ ಎಲ್ಲರ ಗುಸುಗುಸು ಕೇಳುತ್ತದೆ, ಬೇಸ್ ಮೇಲೆ ಬಂದು ನಿಂತ ಎದುರಾಳಿಯ ಹತ್ತಿರ ಅವನ ಹೆಂಡತಿ ಮಕ್ಕಳ ಸುದ್ದಿ ಕೇಳಬಹುದು, ಅಂಪೈರ್ ಜೊತೆ ಜಗಳ ಆಡಬಹುದು. ಹುಲ್ಲಿನಲ್ಲಿ ನನ್ನ ಜೊತೆ ಮಾತಿಗಿರುವವಳು ಗೋಡೆಯ ಮೇಲಿನ ಬಿಯರ್ ಜಾಹೀರಾತಿನ ಹೆಂಗಸು. ಅವಳೂ ಬೇರೆ ಕಡೆ ನೋಡುತ್ತಾಳೆ. ಹೊಡೆತದ ಸದ್ದು ಕೇಳಿದ ಕೂಡಲೇ ಅಭ್ಯಾಸಬಲದಿಂದ ನನ್ನ ಕಾಲು ಮುಂದಕ್ಕೆ ಹೋಗುತ್ತದೆ, ಚೆಂಡು ತಲೆಯ ಮೇಲಿಂದ ಹಾರಿ ಗೋಡೆಗೆ ಬಡಿಯುತ್ತದೆ. ಆ ಗೋಡೆ ಕಡೆ ಕೂರುವ ಜನ ನನ್ನನ್ನು 'ತಾತಾ' ಅನ್ನುತ್ತಾರೆ.

ಹಿಂದೆ ನಿಲ್ಲುವವರೆಲ್ಲ ದೊಡ್ಡ ಗ್ಲೋವ್ ಹಾಕುತ್ತಾರೆ, ನೀನೂ ಹಾಕು ಎಂದು ಎಲ್ಲರೂ ಉಪದೇಶ ಮಾಡುತ್ತಿದ್ದಾರೆ. ನಾನು ನನ್ನ ಚಿಕ್ಕ ಗ್ಲೋವನ್ನೇ ಹಾಕುತ್ತೇನೆ. ನಾನು ಶಾರ್ಟ್‌ಸ್ಟಾಪ್, ಸದ್ಯಕ್ಕೆ ಹುಲ್ಲಿನಲ್ಲಿ ನಿಂತಿದ್ದೇನೆ ಅಷ್ಟೇ. ಅಂಗಡಿ ಗೋಡೆಯ ಮೇಲೆ ನೇತುಹಾಕಿರುವ, ತೀರಿಕೊಂಡ ಭಾವ ಚಾಗೊನ ದೊಡ್ಡ ಗ್ಲೋವ್ ಕಳಿಸುತ್ತೇನೆ ಎಂದು ನಿನ್ನ ತಲೆಗೆ ಹೊಳೆದಿರುತ್ತದೆ. ಬೇಡ. ಅದು ಮೊಳೆಯ ಮೇಲೇ ಇರಲಿ.

ಜೂನ್ ಮುಗಿಯಲಿ, ಗಂಟು ಕಟ್ಟಿಕೊಂಡು ಊರಿಗೆ ಬಂದುಬಿಡುತ್ತೇನೆ. ಹಿಂದಿನ ಕೋಣೆ ಖಾಲಿ ಮಾಡಿಸಿಡು.

ಇನ್ನೊಂದು ಮಾತು. ನೀನು ಒಲೆ ಮುಂದೆ ಇದ್ದರೆ ಮೂಲೆ ಮೇಜಿನವರ ಪಂಥ, ಕಿಟಕಿ ಪಕ್ಕದ ಮೇಷ್ಟ್ರ ಮಾತು, ಇವೆಲ್ಲ ನಿನ್ನ ಕಿವಿಗೆ ಹೇಗೆ ಬಿದ್ದವು? ನಿನ್ನ ಒಲೆ ಇರುವುದು ಹಿತ್ತಲ ಕಡೆ. ಇಪ್ಪತ್ತು ವರ್ಷದಿಂದ ನಿನ್ನ ಅಂಗಡಿಗೆ ಯಾರು ಬಂದರು ಯಾರು ಹೋದರು ಎಂದು ನಿನಗೆ ಬೇರೆಯವರು ಬಂದು ಹೇಳಬೇಕಿತ್ತು. ಅದೂ ಅಲ್ಲದೆ ತಟ್ಟೆಗೆ ಬಡಿಸಿದವಳು ನೀನೇ. ಹಾಗಾದರೆ ಒಲೆ ಮುಂದೆ ಯಾರಿದ್ದಾರೆ?

ಮುಖ ನೋಡುವುದು ನಿನಗೊಬ್ಬಳಿಗೇ ಬರುತ್ತದೆ ಎಂದುಕೊಳ್ಳಬೇಡ.

ರಾದಾಮೆಸ್


ಸಾನ್ ಪೆದ್ರೊ
3 ಜೂನ್ 1977

ರಾದಾ,

ನನ್ನ ಒಲೆಯ ಸುದ್ದಿ ನಿನಗೆ ಬೇಡ. ಹೊಗೆಗೆ ಕಣ್ಣು ಉರಿಯುತ್ತದೆ, ಸ್ವಲ್ಪ ದಿನ ಗಾಳಿಯಲ್ಲಿ ಇರಿ ಎಂದು ಡಾಕ್ಟರು ಹೇಳಿದ್ದಾರೆ. ಅಷ್ಟೇ. ಸೊಸೆ ಯೊಕಾಸ್ತಾ ಒಳಗೆ ಕೈಯಾಡಿಸುತ್ತಾಳೆ. ಕೈಯಾಡಿಸುವುದಕ್ಕೂ ಅಡುಗೆ ಮಾಡುವುದಕ್ಕೂ ವ್ಯತ್ಯಾಸವಿದೆ, ಅದು ಅವಳಿಗೂ ತಿಳಿದಿಲ್ಲ, ನನ್ನ ಮಗನಿಗೂ ತಿಳಿದಿಲ್ಲ. 'ಅಮ್ಮಾ, ನೀವು ಇನ್ನು ಆರಾಮಾಗಿ ಕೂತ್ಕೊಳ್ಳಿ' ಅನ್ನುತ್ತಾನೆ. ನಾನು ಯಾವಾಗ ಆರಾಮು ಕೇಳಿದ್ದೆ?

ಇರಲಿ. ನಿನ್ನ ವಿಷಯಕ್ಕೆ ಬರೋಣ.

ಹಿಂದಿನ ಕೋಣೆ ಖಾಲಿ ಮಾಡಿಸುವುದಿಲ್ಲ. ಬಂದರೆ ಊಟ ಹಾಕುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಗಡಿ ಎದುರಿನ ಬಾದಾಮಿ ಮರದ ಕೆಳಗೆ ಡಾಮಿನೊ ಆಡುವವರನ್ನು ನೆನಪು ಮಾಡಿಕೋ. ಎಲ್ಲರೂ ಒಂದು ಕಾಲದ ಶಾರ್ಟ್‌ಸ್ಟಾಪ್‌ಗಳೇ. ಬೆಳಿಗ್ಗೆಯಿಂದ ಸಂಜೆಯವರೆಗೆ 'ಆಗ ನಾನು' ಎಂದು ಶುರುಮಾಡಿದರೆ ಅವರ ಹೆಂಡಿರು ಬಂದು ಎಬ್ಬಿಸಬೇಕು. ಅಲ್ಲಿ ನಿನಗೊಂದು ಕುರ್ಚಿ ಹಾಕುವುದನ್ನು ನಾನು ನೋಡಲಾರೆ. ಈಗ ಬಿಟ್ಟು ಬಂದರೆ ಇನ್ನೊಂದು ತಂಡ ನಿನ್ನನ್ನು ಕರೆಯುವುದಿಲ್ಲ, ಅದು ನಿನಗೂ ಗೊತ್ತು. ಮೂವತ್ತೇಳರವನು, ಮುನಿಸಿಕೊಂಡು ಬಂದವನು ಎಂದರೆ ಯಾರು ಬಾಗಿಲು ತೆಗೆಯುತ್ತಾರೆ? ಆಟ ಅಲ್ಲಿಗೆ ಮುಗಿಯಿತು. ಚಳಿಗಾಲದ ಲೀಗೂ ಇಲ್ಲ, ಯಾವುದೂ ಇಲ್ಲ.

ಚಾಗೊ ಇಲ್ಲಿ ನಮ್ಮೂರ ತಂಡದಲ್ಲಿ ಹನ್ನೊಂದು ವರ್ಷ ನಿನ್ನ ಬೆನ್ನ ಹಿಂದೆ ಅದೇ ಲೆಫ್ಟ್ ಫೀಲ್ಡಿನಲ್ಲಿ ನಿಂತಿದ್ದ. ಅದೇನು ಕೀಳು ಕೆಲಸ ಎಂದು ಅವನು ಬದುಕಿದ್ದಾಗ ಅವನ ಎದುರು ಒಂದು ದಿನ ಹೇಳಿದ್ದೆಯಾ?

ಆ ಹೊಸಬನ ಬಗ್ಗೆ ನೀನು ಏನೂ ಬರೆಯಲಿಲ್ಲ. ಹಲ್ಲು ಬಿಟ್ಟು ಬೇರೇನಾದರೂ ಬರೆ. ಅವನ ಜೊತೆ ಮಾತಾಡುತ್ತೀಯೋ ಇಲ್ಲವೋ?

ಎರ್ಸಿಲಿಯಾ


ಪುಯೆರ್ತೊ ಸಾಂತಾ ರೀಟಾ
15 ಜೂನ್ 1977

ಅಕ್ಕ,

ನಿನ್ನ ಡಾಕ್ಟರು ಯಾರು? ಸಾನ್ ಪೆದ್ರೊದಲ್ಲಿ ನಿನ್ನ ಕಣ್ಣು ನೋಡಿ ನಿನಗೇ ಬುದ್ಧಿ ಹೇಳುವಷ್ಟು ಧೈರ್ಯದ ಡಾಕ್ಟರು ನನಗೆ ತಿಳಿದ ಮಟ್ಟಿಗೆ ಇಲ್ಲ. ಒಲೆ ಕಿತ್ತುಕೊಂಡರು ಎಂದು ನೇರವಾಗಿ ಬರೆಯಲು ಏನು ಕಷ್ಟ? ನನಗೆ ಮಾತ್ರ ಬಾಯಿ ಮುಚ್ಚಿಕೊಂಡು ಹಿಂದೆ ಹೋಗಿ ನಿಲ್ಲು ಅನ್ನುತ್ತೀಯ.

ಮೂರು ಪಂದ್ಯ ಸೋತೆವು. ಸೆಕೆ. ಬಿಸಿಲು ನೇರ ಕಣ್ಣಿಗೆ. ಪ್ಯಾಂಟು ವಿನೆಗರ್ ವಾಸನೆ ಹೊಡೆಯುತ್ತದೆ, ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರುವುದಿಲ್ಲ.

ರಾದಾಮೆಸ್


ಪುಯೆರ್ತೊ ಸಾಂತಾ ರೀಟಾ
28 ಜೂನ್ 1977

ಅಕ್ಕ,

ಪೊಲಾಂಕೊ ಮನೆಗೆ ಬರೆಯುತ್ತಾನೆ, ಅಲ್ಲಿಂದ ನಿನಗೆ ಸುದ್ದಿ ಮುಟ್ಟುತ್ತದೆ. ಅದು ಬಣ್ಣ ಹಚ್ಚಿಕೊಂಡು ಬರುವ ಮುಂಚೆ ನಾನೇ ಹೇಳುತ್ತೇನೆ.

ಭಾನುವಾರ ಒಂದು ಚೆಂಡು ಎತ್ತರಕ್ಕೆ ಹೋಯಿತು. ಆ ಹೊಸ ಹುಡುಗನ ಹಿಂದೆ, ನನ್ನ ಮುಂದೆ, ಯಾರದೂ ಅಲ್ಲದ ಜಾಗದಲ್ಲಿ ಇಳಿಯುತ್ತಿತ್ತು. ನಾನು ಮುಂದಕ್ಕೆ ಓಡಿದೆ. ಅವನು ಆಕಾಶ ನೋಡುತ್ತ ಹಿಂದಕ್ಕೆ ಓಡಿ ಬಂದ. ಬಂದು ನನ್ನ ಮೇಲೇ ಬಿದ್ದ. ನನ್ನ ಭುಜ ಅವನ ಬಾಯಿಗೆ ಬಡಿಯಿತು. ಮುಂದಿನ ಎರಡು ಹಲ್ಲು ಹೋದವು, ಪಾದ ತಿರುಚಿಕೊಂಡಿದೆ. ಮೂರು ವಾರ ಆಡುವಂತಿಲ್ಲವಂತೆ. ನನಗೇನೂ ಆಗಿಲ್ಲ.

ಇಂಥದ್ದೆಲ್ಲ ಆಗುತ್ತದೆ. ಹದಿನೇಳು ವರ್ಷ ಹಿಂದಕ್ಕೆ ಓಡಿದವನು ನಾನು, ಚೆಂಡು ನನ್ನದು ಎಂದು ಕೂಗುವ ಅಭ್ಯಾಸ ನನಗಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಅವನು ಬಂದಿದ್ದ. ಆದರೆ ಸ್ಟ್ಯಾಂಡಿನಲ್ಲಿ ಕೂತವರು ಮುದುಕ ಬೇಕಂತಲೇ ಮಾಡಿದ ಅನ್ನುತ್ತಿದ್ದಾರೆ. ಒಬ್ಬ ಬಾಟಲಿ ಎಸೆದ. ಪೊಲಾಂಕೊ ಕೂಡ ನನ್ನ ಮುಖ ನೋಡಿ ಆ ಕಡೆ ತಿರುಗಿ ಶೂ ಬಿಚ್ಚತೊಡಗಿದ. ಅವನಿಗೆ ನಾನು ಏನು ಹೇಳಲಿ?

ನಾಳೆಯಿಂದ ನಾನು ಮತ್ತೆ ಶಾರ್ಟ್‌ಸ್ಟಾಪ್. ಬೇರೆ ಯಾರಿದ್ದಾರೆ? ಡಾನ್ ಎಫ್ರೇನ್ ಬಂದು 'ನಿನ್ನ ಮಣ್ಣು, ನಿನಗೇ ಬಂತು ನೋಡಪ್ಪ' ಎಂದರು. ಹೇಳಿದ ರೀತಿ ನನಗೆ ಹಿಡಿಸಲಿಲ್ಲ.

ಆದ್ದರಿಂದ ಸದ್ಯಕ್ಕೆ ಊರಿಗೆ ಬರುವುದಿಲ್ಲ. ಸಂತೋಷಪಡು.

ರಾದಾಮೆಸ್


ಸಾನ್ ಪೆದ್ರೊ
9 ಜುಲೈ 1977

ರಾದಾ,

ನನಗೆ ಸಂತೋಷವಾಗಿಲ್ಲ.

ಅಭ್ಯಾಸವಿಲ್ಲ ಎಂದು ಬರೆದಿದ್ದೀಯ. ಆ ಕಾಗದವನ್ನು ಹರಿದು ಒಲೆಗೆ ಹಾಕಬೇಕೆನ್ನಿಸಿತು, ಆದರೆ ಒಲೆ ಹತ್ತಿರ ಹೋಗಲು ನನಗೀಗ ಅಪ್ಪಣೆ ಬೇಕು. ಅಂಥ ಚೆಂಡಿಗೆ ಯಾರು ಕೂಗಬೇಕು ಎಂದು ಇಲ್ಲಿ ಮೂಗು ಸುರಿಸುವ ಮಕ್ಕಳಿಗೂ ಗೊತ್ತು. ಹಿಂದಕ್ಕೆ ಓಡುವವನಿಗೆ ಆಕಾಶ ಬಿಟ್ಟರೆ ಏನೂ ಕಾಣುವುದಿಲ್ಲ. ಮುಂದಕ್ಕೆ ಓಡಿ ಬರುವವನಿಗೆ ಚೆಂಡೂ ಕಾಣುತ್ತದೆ, ಎದುರಿಗೆ ಬರುವ ಮನುಷ್ಯನೂ ಕಾಣುತ್ತಾನೆ. ಆದ್ದರಿಂದ ಅವನು ಕೂಗಬೇಕು, ಇನ್ನೊಬ್ಬ ಬಿಡಬೇಕು. ನೀನು ಅವನನ್ನು ನೋಡಿದೆ. ನೋಡುತ್ತ ನೋಡುತ್ತ ಓಡಿದೆ.

ಮಾತಾಡುತ್ತೀಯೋ ಎಂದು ಜೂನ್‌ನಲ್ಲಿ ಕೇಳಿದ್ದೆ. ನೀನು ಬಿಸಿಲು, ಸೆಕೆ, ವಿನೆಗರ್ ಎಂದು ಬರೆದೆ. ಆಗಲೇ ನನಗೆ ಅರ್ಥವಾಯಿತು. ಒಂದೇ ಬಸ್ಸಿನಲ್ಲಿ ಓಡಾಡುವ ಹುಡುಗನ ಜೊತೆ ಒಂದು ಮಾತೂ ಆಡದವನ ಗಂಟಲಿಂದ ಭಾನುವಾರ ಇದ್ದಕ್ಕಿದ್ದಂತೆ ದನಿ ಎಲ್ಲಿಂದ ಬರಬೇಕು? ಬೇಕಂತಲೇ ಡಿಕ್ಕಿ ಹೊಡೆದೆ ಎಂದು ನಾನು ಹೇಳುವುದಿಲ್ಲ. ನೀನು ಅಂಥವನಲ್ಲ. ಆದರೆ ಬೇಕಂತಲೇ ಬಾಯಿ ಮುಚ್ಚಿಕೊಂಡೆ. ಅವನ ಹಲ್ಲಿಗೆ ಎರಡೂ ಒಂದೇ.

ಚಾಗೊನ ಗಂಟಲು ನೆನಪಿದೆಯಾ? ಮೇಕೆ ಗಂಟಲು. ಅವನು ಲೆಫ್ಟ್ ಫೀಲ್ಡಿನಿಂದ ಕೂಗಿದರೆ ನನಗೆ ಅಂಗಡಿಯ ಹಿತ್ತಲಲ್ಲಿ ಕೇಳುತ್ತಿತ್ತು. ನೀನು ಹನ್ನೊಂದು ವರ್ಷ ಕಣ್ಣು ಆಕಾಶಕ್ಕೆ ನೆಟ್ಟು ಹಿಂದಕ್ಕೆ ಓಡಿದೆ, ನಿನ್ನ ಒಂದು ಹಲ್ಲೂ ಅಲ್ಲಾಡಲಿಲ್ಲ. ಊರೆಲ್ಲ ರಾದಾಮೆಸ್‌ಗೆ ಭಯವೇ ಇಲ್ಲ ಎಂದಿತು. ಭಯ ಯಾಕಿರಲಿಲ್ಲ ಎಂದು ಈಗಲಾದರೂ ಯೋಚನೆ ಮಾಡು.

ಇಷ್ಟು ಬರೆದು ನಿನ್ನ ಕಿವಿ ಚೆನ್ನಾಗಿ ಹಿಂಡಿದೆ ಎಂದು ಲಕೋಟೆ ಅಂಟಿಸಲು ಹೊರಟಿದ್ದೆ. ಅಷ್ಟರಲ್ಲಿ ನಮ್ಮಲ್ಲೂ ಒಂದು ಕಥೆಯಾಯಿತು. ಅದನ್ನು ಮುಚ್ಚಿಟ್ಟರೆ ನನಗೇ ಊಟ ಸೇರುವುದಿಲ್ಲ. ಗಿರಣಿಯ ಮೇಸ್ತ್ರಿಯ ಮಗಳ ನಾಮಕರಣಕ್ಕೆ ದೊಡ್ಡ ಹಂಡೆ ಸಾನ್ಕೋಚೊ ಕೇಳಿದ್ದರು. ಮೂರು ಥರದ ಮಾಂಸ, ಗೆಣಸು, ಬಾಳೆಕಾಯಿ, ಎಲ್ಲ ಬೆಳಿಗ್ಗೆಯಿಂದ ಕುದಿಯುತ್ತಿತ್ತು. ಯೊಕಾಸ್ತಾ ಉಪ್ಪು ಹಾಕಿದಳು. ಹೇಳಲಿಲ್ಲ. ಅವಳು ನೀರಿಗೆ ಹೋದಾಗ ನಾನು ಒಳಗೆ ಹೋಗಿ ನನ್ನ ಕೈಯಾರೆ ಉಪ್ಪು ಹಾಕಿ ಬಂದೆ. ನಾನೂ ಹೇಳಲಿಲ್ಲ. ಒಂದು ತುತ್ತು ಬಾಯಿಗಿಟ್ಟ ಪಾದ್ರಿಯ ಕಣ್ಣಲ್ಲಿ ನೀರು ಬಂತು.

'ಅತ್ತೆ, ನೀವು ಹಾಕಿದ್ರಾ?' ಎಂದಳು.

'ನೀನು ಹಾಕಿದೀನಿ ಅಂತ ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ?'

'ನೀವು ನಂಜೊತೆ ಮಾತಾಡಿ ಎರಡು ತಿಂಗಳಾಯ್ತು, ನಾನು ಯಾರಿಗೆ ಹೇಳ್ಲಿ?'

ಮೇಸ್ತ್ರಿ ಎದುರಿಗೇ ಹೀಗೆ ಕೇಳಿದಳು. ನಾನು ಗೆಣಸಿನ ಬುಟ್ಟಿ ಎಳೆದುಕೊಂಡೆ.  ಆಮೇಲೆ ಇಬ್ಬರೂ ಕೂತು ಗೆಣಸು ಸುಲಿದು ಹಂಡೆಗೆ ಸುರಿದೆವು, ನೀರು ಸುರಿದೆವು. ಆದರೂ ತಿಂದವರೆಲ್ಲ ಮರುದಿನ ಮಧ್ಯಾಹ್ನದವರೆಗೆ ನೀರು ಕುಡಿದರು.

ಡಾಕ್ಟರು ಯಾರೂ ಇಲ್ಲ. ನನ್ನ ಕೈ ನಡುಗುತ್ತದೆ, ಎರಡು ಸಲ ಬಿಸಿ ಎಣ್ಣೆ ಚೆಲ್ಲಿಕೊಂಡೆ. ಅದಕ್ಕೇ ಒಲೆ ಬಿಡಿಸಿದರು.

ನಿನ್ನ ವಿಷಯ ನೀನು ನೋಡಿಕೋ.

ಎರ್ಸಿಲಿಯಾ


ಪುಯೆರ್ತೊ ಸಾಂತಾ ರೀಟಾ
27 ಜುಲೈ 1977

ಅಕ್ಕ,

ಎಣ್ಣೆ ಎಲ್ಲಿ ಬಿತ್ತು? ಕೈಗೋ, ಕಾಲಿಗೋ? ಎರಡು ಸಲ ಸುಟ್ಟುಕೊಂಡದ್ದನ್ನು ಬರೆಯದೆ ನನಗೆ ಸತ್ಯ ಬರೆ, ಸತ್ಯ ಬರೆ ಎಂದು ಗದರಿದೆಯಲ್ಲ, ನಿನಗೆ ಏನು ಹೇಳಬೇಕು? ಮೊದಲು ಅದಕ್ಕೆ ಉತ್ತರ ಬರೆ.

ನನ್ನ ಕಡೆಯದು ಈಗ ಬರೆಯುತ್ತೇನೆ. ಕೂತು ಓದು.

ಮಣ್ಣಿನ ಮೇಲೆ ಮತ್ತೆ ನಿಂತ ಮೊದಲ ದಿನ ನನಗೆ ಅಳು ಬಂದಿತ್ತು. ಎರಡನೇ ದಿನ ಒಂದು ಚೆಂಡು ಬಲಗಡೆಯಿಂದ ಹೋಯಿತು. ಆಮೇಲೆ ಇನ್ನೊಂದು. ನಾನು ಹಾರಿದೆ, ಹಾರಿದ್ದೇನೆ ಅಂದುಕೊಂಡೆ, ಎದ್ದು ನೋಡಿದರೆ ಚೆಂಡು ಯಾವಾಗಲೋ ಹುಲ್ಲಿನಲ್ಲಿತ್ತು. ಅಂಥ ಚೆಂಡುಗಳನ್ನು ಆ ಹುಡುಗ ಬಾಗಿ ಎತ್ತಿಕೊಳ್ಳುವುದನ್ನು ನಾನೇ ಹಿಂದೆ ನಿಂತು ನೋಡಿದ್ದೆ. ಡಾನ್ ಎಫ್ರೇನ್ ತಮ್ಮ ಚೀಟಿಯಲ್ಲಿ ಏನೋ ಗುರುತು ಹಾಕಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಅದೇ ಥರದ ಚೆಂಡು ಬಂತು. ಎತ್ತರಕ್ಕೆ, ನನ್ನ ಹಿಂದೆ. ನಾನು ಆಕಾಶ ನೋಡುತ್ತ ಹಿಂದಕ್ಕೆ ಓಡಿದೆ. ಲೆಫ್ಟ್ ಫೀಲ್ಡಿನಲ್ಲಿ ನನ್ನ ಬದಲು ನಿಂತಿದ್ದವನು ಇಲ್ಲಿಯದೇ ಒಬ್ಬ, ಕಿಂತಾನಾ ಎಂದು. ಓಡುತ್ತ ಅವನ ದನಿಗೆ ಕಾದೆ. ದನಿ ಇಲ್ಲ. ಅವನ ಹೆಜ್ಜೆ ಸದ್ದು ಮಾತ್ರ ಹತ್ತಿರ ಬರುತ್ತಿದೆ, ದನಿ ಇಲ್ಲ. ಅಕ್ಕ, ನನಗೆ ಹೆದರಿಕೆಯಾಯಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಕೈ ಮುಖಕ್ಕೆ ಅಡ್ಡ ಹಿಡಿದು ನಿಂತುಬಿಟ್ಟೆ. ಚೆಂಡು ಇಬ್ಬರ ನಡುವೆ ಬಿತ್ತು.

'ಯಾಕೋ ಕೂಗ್ಲಿಲ್ಲ?' ಎಂದೆ.

'ನೀವು ದೊಡ್ಡವ್ರು, ನಿಮ್ಮ ಮೇಲೆ ಹೆಂಗೆ ಕೂಗೋದು ಅಂತ,' ಅಂದ.

ಮರ್ಯಾದೆ ಕೊಟ್ಟಿದ್ದನಂತೆ.

ಆ ವಾರವೇ ನಿನ್ನ ಕಾಗದ ಬಂತು. ಚಾಗೊನ ವಿಷಯವನ್ನು ಎರಡು ಸಲ ಓದಿದೆ. ಹನ್ನೊಂದು ವರ್ಷ ಅವನ ಮುಖ ತಿರುಗಿ ನೋಡದೆ ಓಡಿದೆ. ಹೊಗಳಿಕೆ ನನಗೆ ಬಂತು. ಅವನು ಒಂದು ಸಲವೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಹುಡುಗನ ಕೋಣೆಗೆ ಹೋದೆ. ಕಾಲು ದಿಂಬಿನ ಮೇಲಿಟ್ಟುಕೊಂಡು ಗಂಜಿ ಕುಡಿಯುತ್ತಿದ್ದ. ನೀನು ಬರೆದದ್ದು ನಿಜ, ಅದನ್ನೇ ಅವನಿಗೆ ಹೇಳಿದೆ. ಡಿಕ್ಕಿ ಹೊಡೆಯಬೇಕು ಎಂದಿರಲಿಲ್ಲ, ಆದರೆ ಕೂಗಬಾರದು ಎಂದಿತ್ತು, ನನ್ನ ಜಾಗ ತಗೊಂಡವನು ತಾನೇ ನೋಡಿಕೊಳ್ಳಲಿ ಎಂದಿತ್ತು, ಎಂದೆ. ಬೈಯುತ್ತಾನೆ ಎಂದು ಕಾದೆ. ಅವನು ಚಮಚ ಕೆಳಗಿಟ್ಟ.

'ನಿಮ್ಗೆ ಮಾತು ಬರುತ್ತೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ,' ಅಂದ. 'ನಮ್ಮ ಲೆಫ್ಟ್ ಫೀಲ್ಡರ್ ಮೂಗ ಅಂತ ಅಮ್ಮನಿಗೆ ಬರೆದಿದ್ದೆ. ಪಾಪ, ನಿಮ್ಗೋಸ್ಕರ ಮೇಣದಬತ್ತಿ ಹಚ್ತಿದಾರೆ.'

ಹಲ್ಲಿಲ್ಲದೆ ಅರ್ಧ ಮಾತು ಗಾಳಿಗೆ ಹೋಗುತ್ತಿತ್ತು. ನಕ್ಕೆ. ಅವನೂ ನಕ್ಕ, ಆಮೇಲೆ ನೋವಾಗಿ ದವಡೆ ಹಿಡಿದುಕೊಂಡ. ಬ್ಯಾಟುಗಾರ ಎಡಗೈಯವನಾದರೆ ಅವನು ಎಲ್ಲಿ ನಿಲ್ಲಬೇಕು, ಈ ಮೈದಾನದಲ್ಲಿ ಎಲ್ಲಿ ಕಲ್ಲಿದೆ, ಎಲ್ಲಿ ಚೆಂಡು ಪುಟಿಯುತ್ತದೆ, ಎಲ್ಲ ಹೇಳಿದೆ. ಮೂರು ತಿಂಗಳ ಹಿಂದೆ ಹೇಳಬೇಕಿತ್ತು.

ಮರುದಿನ ಡಾನ್ ಎಫ್ರೇನ್ ಹತ್ತಿರ ಹೋಗಿ, ಅವನ ಕಾಲು ಸರಿಯಾದ ದಿನ ನಾನೇ ಹಿಂದೆ ಹೋಗುತ್ತೇನೆ ಎಂದೆ. ಅವರು ಜೇಬಿನಿಂದ ಕಿತ್ತಳೆ ತೆಗೆದು ಸುಲಿದರು. ಈ ಸಲ ಅರ್ಧ ತಾವೇ ತಿಂದರು.

ಕಳೆದ ಶನಿವಾರ ಅವನು ಮತ್ತೆ ಆಡಿದ. ನಮ್ಮದು ಒಂದು ರನ್ ಮುಂದಿತ್ತು, ಎದುರಾಳಿಗಳ ಕೊನೆಯ ಸರದಿ, ಅವರ ಇಬ್ಬರು ಬೇಸಿನ ಮೇಲೆ, ಚೆಂಡು ನೆಲಕ್ಕೆ ಬಿದ್ದರೆ ಸೋತಂತೆಯೇ. ಚೆಂಡು ಎದ್ದಿತು. ಅದೇ ಜಾಗ. ಅವನು ತಲೆ ಎತ್ತಿ ಹಿಂದಕ್ಕೆ ಓಡಿ ಬರುತ್ತಿದ್ದ, ಇನ್ನೂ ಸ್ವಲ್ಪ ಕುಂಟುತ್ತ. ಮೊದಲ ಸಲಕ್ಕಿಂತ ಒಂದಿಷ್ಟೂ ನಿಧಾನವಾಗಿ ಓಡಲಿಲ್ಲ ಅವನು. ಎರಡು ಹಲ್ಲು ಕಳೆದುಕೊಂಡವನು. ನಾನು ಕೂಗಿದೆ. 'ಬಿಡೋ, ನಂದು ಅದು' ಎಂದು ಕೂಗಿದೆ, ಗಂಟಲು ಹರಿಯುವ ಹಾಗೆ ಕೂಗಿದೆ. ಬಿಯರ್ ಹೆಂಗಸು ಕೂಡ ತಿರುಗಿ ನೋಡಿರಬೇಕು.

ಅವನು ನಿಂತ. ತಿರುಗಿ ನೋಡಲಿಲ್ಲ ಅಕ್ಕ. ನಾನು ಎಷ್ಟು ದೂರ ಇದ್ದೇನೆ, ಬರುತ್ತೇನೋ ಇಲ್ಲವೋ, ಏನೂ ನೋಡಲಿಲ್ಲ. ನನ್ನ ದನಿ ಕೇಳಿ ಅಲ್ಲೇ ಕುಕ್ಕರಗಾಲಲ್ಲಿ ಕೂತು ನನಗೆ ದಾರಿ ಬಿಟ್ಟ. ನಾನು ಅವನನ್ನು ದಾಟಿ ಹಾರಿ ಹಿಡಿದೆ.

ಹಿಡಿದೆ ಎಂದೆ, ಆದರೆ ಪೂರ್ತಿ ಅಲ್ಲ. ಚೆಂಡು ನನ್ನ ಚಿಕ್ಕ ಗ್ಲೋವಿನ ತುದಿಯಲ್ಲಿ, ಕೋನಿನ ಮೇಲೆ ಐಸ್‌ಕ್ರೀಮ್ ನಿಂತ ಹಾಗೆ ಅರ್ಧ ಹೊರಗೆ ನಿಂತಿತ್ತು. ಇನ್ನೊಂದು ಕೈಯಿಂದ ಒತ್ತಿ ಹಿಡಿದುಕೊಂಡೇ ಹುಲ್ಲಿನ ಮೇಲೆ ಉರುಳಿದೆ. ಅದು ಬಿದ್ದಿದ್ದರೆ, ಅವನು ನನ್ನ ಮಾತು ನಂಬಿ ಬಿಟ್ಟದ್ದು ಬಿದ್ದಿದ್ದರೆ, ನಾನು ಅವನಿಗೆ ಮುಖ ತೋರಿಸುವುದು ಹೇಗಿತ್ತು?

ಆದ್ದರಿಂದ ಚಾಗೊನ ಗ್ಲೋವ್ ಕಳಿಸು. ಬೇಡ ಎಂದು ನಾನೇ ಬರೆದಿದ್ದೆ, ನೆನಪಿದೆ, ಅದನ್ನು ಎತ್ತಿ ಆಡಬೇಡ. ಸೀಸನ್ ಮುಗಿಯಲು ಇನ್ನು ಸ್ವಲ್ಪವೇ ದಿನ ಇದೆ, ಟಪಾಲು ಇಲ್ಲಿಗೆ ಬರುವಷ್ಟರಲ್ಲಿ ಎಲ್ಲ ಮುಗಿದುಹೋಗಿರುತ್ತದೋ ಏನೋ. ಆದರೂ ಕಳಿಸು. ಚಳಿಗಾಲಕ್ಕಾದರೂ ಬೇಕು.

ಪ್ಯಾಂಟು ಹಸಿರಾಗಿದೆ. ವಿನೆಗರ್ ಹಾಕಿಲ್ಲ.

ರಾದಾಮೆಸ್


ಸಾನ್ ಪೆದ್ರೊ
6 ಆಗಸ್ಟ್ 1977

ರಾದಾ,

ಎಣ್ಣೆ ಮುಂಗೈಗೆ ಬಿದ್ದದ್ದು, ಒಣಗಿದೆ. ಯೊಕಾಸ್ತಾ ಮುಲಾಮು ಹಚ್ಚಿದಳು. ಈಗ ಅವಳು ಒಳಗಿಂದ 'ಅತ್ತೆ, ಉಪ್ಪು ಹಾಕ್ದೆ' ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ. ನಾನು ಹೊರಗಿಂದ 'ಕೇಳಿಸ್ತು ಕಣೇ' ಎನ್ನುತ್ತೇನೆ. ಗಿರಾಕಿಗಳು ನಗುತ್ತಾರೆ. ಅವಳ ಮೀನು ಇನ್ನೂ ಸಪ್ಪೆಯೇ.

ನಿನ್ನ ಕಾಗದವನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದಿದೆ. ಮೇಷ್ಟ್ರೂ ಕೇಳಿಸಿಕೊಂಡರು. ಅವರಿಗೆ ಈ ಸಲ ಮೀನಿನ ನಡುಭಾಗ ಹಾಕಿದೆ.

ಗ್ಲೋವ್ ಇಲ್ಲಿಂದ ಕಳಿಸಲು ಆಗುವುದಿಲ್ಲ. ಗೋಡೆಯ ಮೇಲೆ ಮೇ ತಿಂಗಳಿಂದ ಮೊಳೆ ಮಾತ್ರ ಇದೆ. ನೀನು ಹುಲ್ಲಿನ ಕಲೆ ಎಂದು ಬರೆದ ಕಾಗದ ಬಂದ ದಿನವೇ ಅದನ್ನು ಇಳಿಸಿ, ಎಣ್ಣೆ ಹಚ್ಚಿ, ಹಳೆ ಲಂಗದಲ್ಲಿ ಸುತ್ತಿ, ಕಾಫಿಪುಡಿಯ ಜೊತೆ ನೂರಿಸ್ ಕೈಯಲ್ಲಿ ಕೊಟ್ಟಿದ್ದೆ. ಅವನಾಗಿ ಕೇಳುವವರೆಗೆ ಕೊಡಬೇಡ, ತೋರಿಸಲೂ ಬೇಡ ಎಂದು ಅವಳಿಂದ ಆಣೆ ಮಾಡಿಸಿಕೊಂಡಿದ್ದೆ. ಪಾಪ, ಅವಳು ಗಂಡನಿಗೂ ಹೇಳಿಲ್ಲವಂತೆ. ಇಷ್ಟು ದಿನ ಅದು ಅವರ ಮಂಚದ ಕೆಳಗಿದೆ. ಪ್ರತಿ ಭಾನುವಾರ ಅದರ ಮೇಲೆ ಕೂತೇ ನೀನು ಬಾಳೆಕಾಯಿ ತಿಂದಿದ್ದೀಯ.

ಹೋಗಿ ಕೇಳು. ಗಟ್ಟಿಯಾಗಿ ಕೇಳು.

ಎರ್ಸಿಲಿಯಾ